ಹೊರೆಗಲ್ಲಿಗೆ ಹಚ್ಚಿದ ಅರಿಶಿನ

ಬೆಳಗಿನ ಏಳು ಗಂಟೆಗೆ ರಾಯಕೋಟೆಯ ಪೇಟೆ ಬೀದಿಯಲ್ಲಿ ಮೊಪೆಡ್ ಓಡಿಸಬೇಕಾದರೆ ಒಂದೋ ಎದೆಗಾರಿಕೆ ಬೇಕು, ಇಲ್ಲವೇ ಗಟ್ಟಿ ಬಾಯಿ ಬೇಕು. ಶ್ಯಾಮಲಮ್ಮನಿಗೆ ಎರಡೂ ಧಾರಾಳವಾಗಿದ್ದವು. ಬೀದಿಯ ಒಂದು ಬದಿಗೆ ಹಿಂದಿನ ದಿನದಿಂದ ಅಲ್ಲಾಡದೆ ನಿಂತ ಕಾರುಗಳು, ಇನ್ನೊಂದು ಬದಿಗೆ ಟೊಮೇಟೊ ಕ್ರೇಟು ಇಳಿಸುತ್ತಿದ್ದ ಗೂಡ್ಸ್ ಆಟೊಗಳು. ನಡುವೆ ಉಳಿದ ಜಾಗದಲ್ಲಿ ಹೊಸೂರಿನ ಶಿಫ್ಟ್ ಬಸ್ಸಿಗೆ ಓಡುವವರು, ಹಾಲಿನ ಕ್ಯಾನಿನವರು, ಶಾಲೆಯ ಮಕ್ಕಳು. ಎರಡನೇ ಸಲ ವಾರ್ಡ್ ಮೆಂಬರ್ ಆಗಿ ಗೆದ್ದಿದ್ದ ಶ್ಯಾಮಲಮ್ಮ ಹಾರನ್ ಒತ್ತುವ ಬದಲು ಹೆಸರು ಹಿಡಿದು ಕೂಗುತ್ತಿದ್ದಳು. ಯಾವ ಗಾಡಿ ಯಾರದು ಎಂದು ಅವಳಿಗೆ ಗೊತ್ತಿದ್ದದ್ದರಿಂದ ಹಾರನ್ನಿಗಿಂತ ಅದೇ ಬೇಗ ಕೆಲಸ ಮಾಡುತ್ತಿತ್ತು.

ಕೋಟೆ ಬಾಗಿಲು ದಾಟಿ ಇನ್ನೂರು ಹೆಜ್ಜೆ ಒಳಗೆ ಬಂದರೆ ಹೊರೆಗಲ್ಲು. ಬಾಗಿಲೆಂದರೆ ಈಗ ಎರಡು ಕಲ್ಲುಕಂಬಗಳಷ್ಟೇ. ಹೊರೆಗಲ್ಲು ಮಾತ್ರ ಇನ್ನೂ ಇಡಿಯಾಗಿತ್ತು: ನೆಟ್ಟಗೆ ನಿಲ್ಲಿಸಿದ ಎರಡು ಕಲ್ಲು, ಅವುಗಳ ಮೇಲೆ ಹೆಂಗಸೊಬ್ಬಳ ಕತ್ತಿನೆತ್ತರಕ್ಕೆ ಅಡ್ಡ ಹಾಸಿದ ಒಂದು ಚಪ್ಪಡಿ. ತಮಿಳಿನವರು ಸುಮೈತಾಂಗಿ ಎನ್ನುತ್ತಾರೆ. ತಲೆಹೊರೆ ಹೊತ್ತು ಬಂದವರು ಅದರ ಮುಂದೆ ನಿಂತು, ಸ್ವಲ್ಪ ಬಗ್ಗಿ, ಹೊರೆಯನ್ನು ಚಪ್ಪಡಿಯ ಮೇಲೆ ಜಾರಿಸಿದರೆ ಮುಗಿಯಿತು. ದಣಿವಾರಿದ ಮೇಲೆ ಹಾಗೆಯೇ ತಲೆ ಕೊಟ್ಟು ಎಳೆದುಕೊಂಡರೆ ಹೊರೆ ಮತ್ತೆ ತಲೆಯ ಮೇಲೆ. ಇಳಿಸುವುದಕ್ಕೂ ಎತ್ತುವುದಕ್ಕೂ ದಾರಿಯಲ್ಲಿ ಹೋಗುವವರನ್ನು ಕೈ ಹಾಕಿ ಎಂದು ಕೇಳಬೇಕಾಗಿಲ್ಲ.

ಆ ಹೊತ್ತಿಗೆ ರಾಮಕ್ಕ ತನ್ನ ಸೊಪ್ಪಿನ ಬುಟ್ಟಿಯನ್ನು ಚಪ್ಪಡಿಯ ಮೇಲೆ ಇಳಿಸಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಬೆಟ್ಟದ ಬುಡದ ತನ್ನ ಹಳ್ಳಿಯಿಂದ ಒಂದು ಹರದಾರಿ ದಂಟು, ಸಬ್ಬಸಿಗೆ, ಕೊತ್ತಂಬರಿ ಹೊತ್ತು ದಿನಾ ಮಾರ್ಕೆಟ್ಟಿಗೆ ಬರುವವಳು. ಶ್ಯಾಮಲಮ್ಮನ ಮೊಪೆಡ್ ಕಂಡದ್ದೇ ಕೈ ಬೀಸಿ ಕರೆದಳು.

"ಮೆಂಬರಮ್ಮ, ವಸಿ ಇಲ್ಲಿ ಬಾ. ಈ ಕಲ್ಲಿಗೇನೋ ಬಳ್ದವ್ರೆ ನೋಡು. ಸುಣ್ಣ ಅನ್ಕೊಂಡೆ, ಉಜ್ಜಿದ್ರೂ ಹೋಗಾಕಿಲ್ಲ."

ಕಲ್ಲಿನ ಮೇಲೆ ಬಿಳಿ ಪೇಂಟಿನ ಅಡ್ಡಗೀಟು, ಅದರ ಮೇಲೊಂದು ಉದ್ದಗೀಟು. ರಸ್ತೆ ಅಗಲ ಮಾಡುವಾಗ ಕಡಿಯಬೇಕಾದ ಮರಗಳಿಗೆ ಹಾಕುವ ಗುರುತು ಅದು. ಶ್ಯಾಮಲಮ್ಮ ಮೊಪೆಡ್ಡನ್ನು ಸ್ಟ್ಯಾಂಡಿಗೆ ಎಳೆದಳು.

"ಯಾವಾಗ ಬಳ್ದಿದ್ದು ರಾಮಕ್ಕ?"

"ನೆನ್ನೆ ಸಾಯಂಕಾಲವಂತೆ. ಇದ್ನ ಕಿತ್ತು ಕಾರು ನಿಲ್ಸಕ್ಕೆ ಜಾಗ ಮಾಡ್ತಾರಂತೆ. ಆಮ್ಯಾಕೆ ನಾನೆಲ್ಲಿ ಇಳಿಸ್ಲಿ?"

"ಯಾರೂ ಕೀಳಲ್ಲ. ನಾನಿದೀನಲ್ಲ. ನೀನು ಎಲೆಅಡಿಕೆ ಹಾಕ್ಕೊ."

ಹಾಗೆಂದು ಹೇಳಿದ್ದು ಅವಳ ಸ್ವಭಾವ. ಒಳಗೆ ಮಾತ್ರ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು. ಹಿಂದಿನ ವಾರ ಜೂಜುವಾಡಿಯಲ್ಲಿ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಹೋಗಿ ಪಂಚಾಯಿತಿ ಮೀಟಿಂಗು ತಪ್ಪಿಸಿಕೊಂಡಿದ್ದಳು. ಅವಳಿಲ್ಲದ ಮೀಟಿಂಗಿನಲ್ಲಿ ಪೇಟೆ ಬೀದಿಯ ಪಾರ್ಕಿಂಗ್ ಠರಾವು ಸರಾಗವಾಗಿ ಪಾಸಾಗಿತ್ತು.

ಹೊರೆಗಲ್ಲಿನ ಎದುರಿಗೇ ವೆಂಕಟೇಶಪ್ಪನ ಅಂಗಡಿ. ಪಂಪ್‌ಸೆಟ್ಟು, ಪೈಪು, ಬಿತ್ತನೆ ಬೀಜ. ಬೀದಿಯ ವರ್ತಕರ ಸಂಘಕ್ಕೆ ಹನ್ನೆರಡು ವರ್ಷದಿಂದ ಅವನೇ ಅಧ್ಯಕ್ಷ. ಒಂಬತ್ತಕ್ಕೆ ಬಾಗಿಲು ತೆಗೆಯುತ್ತಿದ್ದಂತೆ ಶ್ಯಾಮಲಮ್ಮ ಮೆಟ್ಟಿಲ ಮೇಲೆ ನಿಂತಿದ್ದನ್ನು ಕಂಡು ನಕ್ಕ.

"ಬಾಮ್ಮ ಮೆಂಬರಮ್ಮ, ಕೂತ್ಕೊ. ಬೈಯಕ್ಕೆ ಬಂದಿದೀಯ ಅಂತ ಗೊತ್ತು. ಟೀ ಕುಡ್ಕೊಂಡು ಬೈ."

"ಕಲ್ಲು ಕೀಳ್ಬೇಕು ಅಂತ ಬರ್ಕೊಟ್ಟೋರು ನೀವಾ ಅಣ್ಣ?"

"ಸಂಘದೋರೆಲ್ಲ ಸೇರಿ ಬರ್ಕೊಟ್ವಿ. ಮೊದ್ಲ ಸೈನು ನಂದೇ, ಸುಳ್ಯಾಕೆ ಹೇಳ್ಲಿ. ಆ ಕಲ್ಲು, ಪಕ್ಕದ ಕಟ್ಟೆ, ಎರಡೂ ತೆಗೆದ್ರೆ ನಾಕು ಕಾರು ನಿಲ್ತವೆ. ನೋಡಮ್ಮ, ಶೂಳಗಿರಿ ಕಡೆಯಿಂದ ಒಬ್ಬ ರೈತ ಮೋಟಾರ್ ತಗೊಳ್ಳಕ್ಕೆ ಕಾರಲ್ಲಿ ಬತ್ತಾನೆ. ಈ ಬೀದೀಲಿ ಮೂರು ಸುತ್ತು ಹಾಕ್ತಾನೆ. ಜಾಗ ಸಿಗ್ದೆ ಬೈಪಾಸ್‌ನಾಗಿರೋ ಹೊಸ ಅಂಗ್ಡಿ ಮುಂದೆ ನಿಲ್ಲಿಸ್ಕೊಂತಾನೆ. ಹೋದ ವರ್ಷದಿಂದ ಇಲ್ಲಿ ಆರು ಅಂಗ್ಡಿ ಬಾಗ್ಲು ಹಾಕ್ಕೊಂಡ್ವು. ನೀನು ಹಳೇ ಪೇಟೆ, ಹಳೇ ಪೇಟೆ ಅಂತೀಯ. ಅಂಗ್ಡೀನೇ ಇಲ್ದಿದ್ರೆ ಪೇಟೆ ಎಲ್ಲೈತೆ?"

ಮುಚ್ಚಿದ ಆರು ಅಂಗಡಿಗಳಲ್ಲಿ ಒಂದು ಶ್ಯಾಮಲಮ್ಮನ ಸ್ವಂತ ಭಾವನದು.

"ಈ ಕಾಲ್ದಾಗೆ ತಲೆ ಮ್ಯಾಲೆ ಹೊರೋರು ಯಾರವ್ರೆ?" ಎಂದು ಅವನೇ ಮುಂದುವರಿಸಿದ.

"ರಾಮಕ್ಕ ಅವ್ಳೆ. ಹೂವಿನೋರು, ಹುಲ್ಲಿನೋರು, ಹುಣಿಸೆಹಣ್ಣಿನೋರು ಅವ್ರೆ. ನೀವು ಬಾಗ್ಲು ತೆಗಿಯೋ ಹೊತ್ಗೆ ಅವ್ರೆಲ್ಲ ಬಂದು ಹೋಗಿರ್ತಾರೆ, ಅದಕ್ಕೆ ನಿಮಗೆ ಕಾಣ್ಸಲ್ಲ."

"ಆಟೋದಾಗೆ ಬರ್ಲಿ."

"ಆಟೋ ಹೊರಡೋದು ಎಂಟರ ಮೇಲೆ. ಶಿಫ್ಟ್ ಬಸ್ನಾಗೆ ಬುಟ್ಟಿ ಹತ್ತಿಸಲ್ಲ. ಎಂಟರ ಮೇಲೆ ಬಂದ ಸೊಪ್ಪನ್ನ ಯಾರಣ್ಣ ತಗೊಂತಾರೆ?"

"ನಾನೇನು ಕಲ್ಲನ್ನ ಒಡೆದಾಕಿ ಅಂದ್ನಾ? ಆಂಜನೇಯನ ಗುಡಿ ಹಿಂದೆ ಮರ್ಯಾದೆಯಾಗಿ ನಿಲ್ಲಿಸ್ತೀವಿ. ಹಳೇ ಕಾಲದ ಕಲ್ಲು ಅಂತ ಒಂದು ಬೋರ್ಡೂ ಹಾಕಿಸ್ತೀನಿ. ಒಬ್ಬ ರಾಮಕ್ಕನ್ನ ನೋಡಾದಾ, ಬೀದೀನೆಲ್ಲ ನೋಡಾದಾ, ನೀನೇ ಹೇಳು."

ಸೋಮವಾರ ಜೆಸಿಬಿ ಬರುತ್ತದೆ ಎಂದೂ ಹೇಳಿದ. ಶ್ಯಾಮಲಮ್ಮ ಪಂಚಾಯಿತಿ ಅಧ್ಯಕ್ಷರ ಮನೆಗೆ ಹೋದಳು. ಅವರು ಎಲ್ಲರೂ ಒಪ್ಪಿದ ಠರಾವು ಎಂದು ಕೈ ತೊಳೆದುಕೊಂಡರು. ಬೇರೆ ಮೆಂಬರುಗಳನ್ನು ಕೇಳಿದಳು. ಎಲ್ಲರ ಮನೆಯಲ್ಲೂ ಕಾರಿತ್ತು ಅಥವಾ ಕಾರಿನ ಆಸೆಯಿತ್ತು. ಗುರುವಾರ ಸಂಜೆಯ ಹೊತ್ತಿಗೆ ಕಾಗದದ ದಾರಿಗಳೆಲ್ಲ ಮುಗಿದಿದ್ದವು. ಆದರೆ ಸೋತು ಸುಮ್ಮನೆ ಕೂರುವ ಜಾತಿ ಅವಳದಲ್ಲ. ತನ್ನ ಊರಿನ ಜನ ಯಾವುದಕ್ಕೆ ಬಗ್ಗುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಶುಕ್ರವಾರ ಬೆಳಕು ಹರಿಯುವಾಗ ತಲೆಗೆ ನೀರು ಹಾಕಿಕೊಂಡು, ಒಂದು ಬೋಸಿ ಅರಿಶಿನ ಕಲಸಿಕೊಂಡು ಹೊರೆಗಲ್ಲಿನ ಹತ್ತಿರ ಬಂದಳು. ಪಂಚಾಯಿತಿಯ ಬಿಳಿ ಗುರುತು ಕಾಣದಂತೆ ಮೂರು ಕಲ್ಲಿಗೂ ದಪ್ಪಗೆ ಅರಿಶಿನ ಬಳಿದಳು. ಮೂರು ಕಡೆ ಕುಂಕುಮ ಇಟ್ಟಳು. ಹಳದಿ ಬಟ್ಟೆ ಸುತ್ತಿ, ಬೇವಿನ ಸೊಪ್ಪು ಸಿಕ್ಕಿಸಿ, ಕಲಶ ಇಟ್ಟು ಕಾಯಿ ಒಡೆದು ಕರ್ಪೂರ ಹಚ್ಚಿದಳು. ಹಾಲಿಗೆ ಹೊರಟಿದ್ದ ಇಬ್ಬರು ಹೆಂಗಸರು ನಿಂತು ಏನಕ್ಕ ವಿಶೇಷ ಎಂದರು. "ಕೈ ಮುಗೀರಿ" ಎಂದಳು, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಮೆಂಬರಮ್ಮನ ಕನಸಿನಲ್ಲಿ ಅಮ್ಮ ಬಂದಿದ್ದಳಂತೆ ಎಂಬ ಸುದ್ದಿ ಬಸ್ ಸ್ಟ್ಯಾಂಡು ಮುಟ್ಟಿತ್ತು. ಹಾಗೆಂದು ಶ್ಯಾಮಲಮ್ಮ ಯಾರಿಗೂ ಹೇಳಿರಲಿಲ್ಲ. ಅಲ್ಲವೆಂದೂ ಹೇಳಲಿಲ್ಲ.

ಸೋಮವಾರ ಜೆಸಿಬಿ ಬಂತು. ಓಡಿಸುವವನು ಧರ್ಮಪುರಿ ಕಡೆಯ ಸುಬ್ರಮಣಿ. ನಿಂಬೆಹಣ್ಣಿನ ಹಾರ, ಹಳದಿ ಬಟ್ಟೆ, ಉರಿಯುತ್ತಿದ್ದ ದೀಪ ನೋಡಿದವನೇ ಎಂಜಿನ್ ಆರಿಸಿ ಕೆಳಗಿಳಿದು ಚಪ್ಪಲಿ ಬಿಟ್ಟ.

"ಸಾಮಿ ಕಲ್ಲಾ? ವೇಂಡಾಂ ಸಾರ್. ನಂಗೆ ಎರಡು ಹೆಣ್ಮಕ್ಕಳವ್ರೆ" ಎಂದು ಪಂಚಾಯಿತಿ ಗುಮಾಸ್ತ ಮುತ್ತರಾಯಪ್ಪನಿಗೆ ಹೇಳಿದ.

ವೆಂಕಟೇಶಪ್ಪ ಅಂಗಡಿಯಿಂದ ಇಳಿದು ಬಂದ. ಕಲ್ಲನ್ನು ನೋಡಿದ, ಶ್ಯಾಮಲಮ್ಮನನ್ನು ನೋಡಿದ, ಮತ್ತೆ ಕಲ್ಲನ್ನು ನೋಡಿದ. ಆಮೇಲೆ ಅವನೂ ಚಪ್ಪಲಿ ಬಿಟ್ಟು ಕೈ ಮುಗಿದ. ಜೆಸಿಬಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಒಂದು ಬೋಸಿ ಅರಿಶಿನದಲ್ಲಿ ಒಂದು ಠರಾವನ್ನು ಅಳಿಸಿಹಾಕಿದೆ ಎಂದು ಶ್ಯಾಮಲಮ್ಮ ಅಂದು ಮನೆಯಲ್ಲಿ ಮೂರು ಸಲ ಹೇಳಿದಳು. ಗಂಡ ಎರಡನೇ ಸಲಕ್ಕೇ ತಲೆಯಾಡಿಸುವುದನ್ನು ನಿಲ್ಲಿಸಿದ್ದ.

ಮುಂದಿನ ಮೂರು ವಾರಗಳಲ್ಲಿ ಅಮ್ಮ ಬೆಳೆದಳು. ಯಾರೋ ಮೇಲೆ ತಗಡಿನ ಚಪ್ಪರ ಹಾಕಿಸಿದರು. ಇನ್ಯಾರೋ ಬೆಳ್ಳಿ ಕಣ್ಣು ಅಂಟಿಸಿದರು. ಸುತ್ತಲೂ ಟೈಲ್ಸು, ಟೈಲ್ಸಿನ ಸುತ್ತ ಕಬ್ಬಿಣದ ಗ್ರಿಲ್ಲು, ಗ್ರಿಲ್ಲಿಗೆ ಬೀಗ ಬಂದವು. ಗ್ರಿಲ್ಲು ಮಾಡಿಸಿಕೊಟ್ಟದ್ದು ವೆಂಕಟೇಶಪ್ಪ. ಅದರ ಮೇಲೆ ಅವನ ಅಂಗಡಿಯ ಹೆಸರು ದಪ್ಪ ಅಕ್ಷರದಲ್ಲಿತ್ತು. ಗ್ರಿಲ್ಲಿನ ಸುತ್ತ ಭಕ್ತರ ಬೈಕುಗಳು ನಿಲ್ಲತೊಡಗಿದವು. ಶ್ಯಾಮಲಮ್ಮ ಅದನ್ನೆಲ್ಲ ಮೊಪೆಡ್ಡಿನಿಂದಲೇ ನೋಡಿಕೊಂಡು, ಕಲ್ಲು ಉಳಿಯಿತಲ್ಲ ಎಂದು ಹಿಗ್ಗಿಕೊಂಡು ಹೋಗುತ್ತಿದ್ದಳು.

ಮನೆಗೆ ಕೊತ್ತಂಬರಿ ಬೇಕಾದಾಗಲೇ ಅವಳಿಗೆ ರಾಮಕ್ಕನನ್ನು ನೋಡಿ ದಿನವಾಯಿತೆಂದು ಹೊಳೆದದ್ದು. ಮಾರ್ಕೆಟ್ಟಿನಲ್ಲಿ ಅವಳ ಜಾಗದಲ್ಲಿ ಬೇರೆ ಯಾರೋ ಕುಳಿತಿದ್ದರು. ವಿಚಾರಿಸಿದರೆ, "ಕತ್ತು ಹಿಡ್ಕೊಂಡೈತಂತೆ" ಎಂದರು. ಶ್ಯಾಮಲಮ್ಮ ಅಲ್ಲಿಂದಲೇ ಮೊಪೆಡ್ಡನ್ನು ಬೆಟ್ಟದ ಕಡೆ ತಿರುಗಿಸಿದಳು.

ರಾಮಕ್ಕ ಜಗಲಿಯ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಸೊಸೆ ಬಿಸಿ ಉಪ್ಪಿನ ಗಂಟಿನಿಂದ ಕತ್ತಿಗೆ ಶಾಖ ಕೊಡುತ್ತಿದ್ದಳು. ಕತ್ತು ತಿರುಗಿಸಲಾಗದೆ ರಾಮಕ್ಕ ಇಡೀ ಮೈಯನ್ನೇ ತಿರುಗಿಸಿ ನಕ್ಕಳು.

"ಬಾಮ್ಮ. ಸೊಪ್ಪು ಕೇಳ್ಕೊಂಡು ಹಳ್ಳಿಗೇ ಬಂದ್ಬುಟ್ಟಾ?"

"ಏನಾಯ್ತು ರಾಮಕ್ಕ?"

"ಏನೂ ಇಲ್ಲ. ಸಂತೆ ದಿನ ಬುಟ್ಟಿ ವಸಿ ಜಾಸ್ತಿ ಇತ್ತು. ಬಾಗ್ಲತ್ರ ಬರೋ ಹೊತ್ಗೇ ಕತ್ತು ಉರೀತಿತ್ತು. ಯಾರಾನ ಕೈ ಹಾಕ್ರಪ್ಪ ಅಂದೆ. ಎಲ್ರೂ ಗಾಡಿ ಮ್ಯಾಲೆ ಹೋಗೋರು, ಯಾರ್ಗೆ ಕೇಳ್ತದೆ? ಕೊನೇಗೆ ಒಬ್ಬ ಬಂದ, ಒಂದು ಕೈನಾಗೆ ಫೋನು, ಒಂದು ಕೈನಾಗೆ ಬುಟ್ಟಿ. ಅವ್ನ ಕಡೆ ಜಾರ್ತು. ನನ್ನ ಕತ್ತು ಹಿಂಗೆ ತಿರುಚ್ಕೊಂತು."

"ಕಲ್ಲಿನ ಮೇಲೆ ಇಳಿಸ್..." ಎಂದು ಶ್ಯಾಮಲಮ್ಮನ ಬಾಯಿಗೆ ಬಂದ ಮಾತು ಅರ್ಧಕ್ಕೇ ನಿಂತಿತು.

"ಅಮ್ಮನ ಮ್ಯಾಲೆ ಬುಟ್ಟಿ ಇಡಕ್ಕಾಯ್ತದಾ ತಾಯಿ? ಬೀಗ ಬೇರೆ ಹಾಕವ್ರೆ. ನಿನ್ನ ಮ್ಯಾಲೆ ನಂಗೇನೂ ಬ್ಯಾಜಾರಿಲ್ಲ. ನೀನು ಕಲ್ಲು ಉಳಿಸ್ತೀನಿ ಅಂದೆ, ಉಳಿಸ್ದೆ."

ಬೈದಿದ್ದರೆ ಶ್ಯಾಮಲಮ್ಮ ತಡೆದುಕೊಳ್ಳುತ್ತಿದ್ದಳು. ಸೊಸೆ ಮಜ್ಜಿಗೆಯ ಲೋಟ ತಂದುಕೊಟ್ಟಳು. ರಾಮಕ್ಕ ತಾನಾಗಿಯೇ ಮಾತು ಮುಂದುವರಿಸಿದಳು.

"ಆ ಕಲ್ಲು ಹಾಕ್ಸಿದ್ದು ನಮ್ಮೋರೇ, ನಿಂಗೊತ್ತಾ? ನಮ್ಮತ್ತೆಯ ಅಜ್ಜಿಗೆ ಒಬ್ಳು ನಾದಿನಿ ಇದ್ಲಂತೆ. ತುಂಬಿದ ಬಸುರಿ. ಹೆರಿಗೆ ಆಗ್ಲಿಲ್ಲ, ಹಂಗೇ ಹೋಗ್ಬುಟ್ಲು. ಹೊತ್ತ ಹೊರೆ ಇಳಿಸ್ದೇನೆ ಹೋದೋಳು. ಅಂಥೋಳ ಹೆಸ್ರಲ್ಲಿ ದಾರೀನಾಗೆ ಕಲ್ಲು ನಿಲ್ಲಿಸ್ತಿದ್ರು, ಕಂಡೋರ ಹೊರೆಯಾದ್ರೂ ಇಳೀಲಿ ಅಂತ. ಅವ್ಳಿಗೆ ಪೂಜೆ ಬ್ಯಾಡ, ಎಡೆ ಬ್ಯಾಡ. ಯಾರೋ ಒಬ್ರು ಹೊರೆ ಇಳಿಸಿ ಉಸ್ಸಪ್ಪ ಅಂದ್ರೆ ಆ ಉಸಿರು ಅವ್ಳಿಗೆ ಮುಟ್ತದೆ ಅನ್ನೋರು ನಮ್ಮತ್ತೆ. ಈಗ ತಿಂಗಳಾಯ್ತಲ್ಲ, ಒಬ್ರೂ ಇಳಿಸಿಲ್ಲ. ಅದೇ ಒಂದು ಯೋಚ್ನೆ ನಂಗೆ."

ಶ್ಯಾಮಲಮ್ಮನಿಗೆ ನಾಚಿಕೆಯಾಯಿತು. ಸತ್ತವಳ ಮುಂದೆಯೂ ಬದುಕಿದ್ದವಳ ಮುಂದೆಯೂ ಒಟ್ಟಿಗೇ ನಾಚಿಕೆಯಾಯಿತು. ವೆಂಕಟೇಶಪ್ಪ ಕಲ್ಲನ್ನು ಗುಡಿಯ ಹಿಂದಕ್ಕೆ ಸಾಗಿಸಬೇಕೆಂದಿದ್ದ. ತಾನು ಕಲ್ಲಿರುವಲ್ಲಿಗೇ ಗುಡಿಯನ್ನು ತಂದಿಟ್ಟಿದ್ದಳು. ರಾಮಕ್ಕನ ಕತ್ತಿಗೆ ಎರಡರಲ್ಲಿ ಯಾವುದಾದರೂ ಒಂದೇ. ಬರುವ ಸಂತೆಯೊಳಗೆ ಇದನ್ನು ಸರಿ ಮಾಡದಿದ್ದರೆ ನಾನು ಮೆಂಬರೇ ಅಲ್ಲ ಎಂದು ಸೊಸೆಯ ಮುಂದೆ ಹೇಳಿ ಎದ್ದಳು.

ಆದರೆ ಅರಿಶಿನ ತೊಳೆದ ಮರುದಿನವೇ ಜೆಸಿಬಿ ಮತ್ತೆ ಬರುತ್ತದೆ ಎಂಬುದು ಅವಳಿಗೆ ತಿಳಿಯದ ಸಂಗತಿಯಲ್ಲ. ವೆಂಕಟೇಶಪ್ಪನಿಗೆ ಬೇಕಾದದ್ದು ಕಾರು ನಿಲ್ಲಿಸುವ ಜಾಗ. ಅದಕ್ಕೊಂದು ದಾರಿ ತೋರಿಸದೆ ಕಲ್ಲಿಗೆ ನೆಮ್ಮದಿಯಿಲ್ಲ. ಪಂಚಾಯಿತಿ ಆಫೀಸಿಗೆ ಹೋಗಿ ಮುತ್ತರಾಯಪ್ಪನನ್ನು ಹಿಡಿದಳು. ನಿವೃತ್ತಿಗೆ ಎಂಟು ತಿಂಗಳಿದ್ದ ಅವನು ಹಳೆಯ ಕಾಗದಗಳನ್ನು ಮನೆಯ ಆಸ್ತಿಯಂತೆ ಕಾಯುತ್ತಿದ್ದ.

"ಈ ಬೀದಿ ಮೊದ್ಲು ಹೆಂಗಿತ್ತು ಅಂತ ಏನಾರ ಕಾಗ್ದ ಐತಾ?"

"ಮೊದ್ಲು ಅಂದ್ರೆ ಎಷ್ಟು ಮೊದ್ಲು? ಒಂದು ನಕ್ಷೆ ಐತೆ, ಐವತ್ತೇಳ್ನೇ ಇಸವೀದು. ಪೇಟೆಯೊಳಕ್ಕೆ ಬಸ್ಸು ಬರ್ಲಿ ಅಂತ ಬೀದಿ ಅಗಲ ಮಾಡಿದ್ರಲ್ಲ, ಆವಾಗ ಬರೆದಿದ್ದು. ಯಾರೂ ಕೇಳಿರ್ಲಿಲ್ಲ, ನೀವೇ ಮೊದ್ಲು."

ಬೀರುವಿನ ಮೇಲಿಂದ ಇಳಿಸಿ, ಧೂಳು ಕೊಡವಿ ಮೇಜಿನ ಮೇಲೆ ಹರಡಿದ. ಬಟ್ಟೆಗೆ ಅಂಟಿಸಿದ ದಪ್ಪ ಕಾಗದ. ಎಳೆದ ಗೆರೆಗಳು ಇನ್ನೂ ಸ್ಪಷ್ಟವಾಗಿದ್ದವು. ಅಂದಿನ ಓವರ್‌ಸೀಯರು ಯಾರೋ, ಮೃದು ಮನಸ್ಸಿನವನಂತೂ ಆಗಿರಲಾರ. ಎರಡೂ ಬದಿಯ ಜಗಲಿಗಳಿಗೆ ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದ. ವೆಂಕಟೇಶಪ್ಪನ ತಂದೆಯ ಅಂಗಡಿಯ ಜಗಲಿಯೂ ಅದರಲ್ಲಿ ಹೋಗಿತ್ತು. ಆದರೆ ಹೊರೆಗಲ್ಲಿನ ಹತ್ತಿರ ತಮಿಳಿನಲ್ಲಿ ಸಣ್ಣ ಅಕ್ಷರದ ಒಂದು ಟಿಪ್ಪಣಿಯಿತ್ತು. ಶಾಲೆಯಲ್ಲಿ ತಮಿಳು ಕಲಿತಿದ್ದ ಶ್ಯಾಮಲಮ್ಮ ಅದನ್ನು ಬೆರಳಿಟ್ಟು ಓದಿದಳು: ಸುಮೈತಾಂಗಿಯನ್ನು ರಸ್ತೆಯಿಂದ ಹನ್ನೊಂದು ಅಡಿ ಹಿಂದಕ್ಕೆ ನಿಲ್ಲಿಸುವುದು, ಎತ್ತರ ಕಡಿಮೆಯಾಗಬಾರದು.

"ಎತ್ತರ ಕಡ್ಮೆ ಆಗ್ಬಾರ್ದು ಅಂತ ಬರ್ದವ್ನೆ ನೋಡಪ್ಪ" ಎಂದಳು. "ಹೊರೆ ಹೊರೋರ್ನ ಕೇಳ್ಕೊಂಡೇ ಬರ್ದಿರ್ಬೇಕು."

"ಇಲ್ಲಿ ನೋಡಿ ಇನ್ನೊಂದು" ಎಂದು ಮುತ್ತರಾಯಪ್ಪ ಕೋಟೆ ಬಾಗಿಲಿನ ಹೊರಗಿನ ಒಂದು ಚೌಕವನ್ನು ತೋರಿಸಿದ. ಬಂಡಿಪೇಟೆ. ಗಾಡಿಗಳೆಲ್ಲ ಇಲ್ಲಿ ನಿಲ್ಲತಕ್ಕದ್ದು, ಒಳಗೆ ಸರಕು ಇಳಿಸಿದ ಕೂಡಲೇ ಇಲ್ಲಿಗೆ ಮರಳತಕ್ಕದ್ದು. ಎತ್ತುಗಳಿಗೆ ನೀರಿನ ತೊಟ್ಟಿಯನ್ನೂ ಬರೆದಿದ್ದ.

ಶ್ಯಾಮಲಮ್ಮ ಅಲ್ಲಿಂದ ನಡೆದೇ ಆ ಜಾಗಕ್ಕೆ ಹೋದಳು. ದಿನಾ ಮೊಪೆಡ್ಡಿನಲ್ಲಿ ಅದರ ಪಕ್ಕದಲ್ಲೇ ಹಾದು ಹೋಗುತ್ತಿದ್ದರೂ ಅದು ಯಾರದೋ ಖಾಸಗಿ ಜಾಗ ಎಂದುಕೊಂಡಿದ್ದಳು. ಅರ್ಧಕ್ಕೆ ಜಾಲಿ ಬೆಳೆದಿತ್ತು, ಒಂದು ಮುರುಕು ಟ್ರಾಲಿ ಬಿದ್ದಿತ್ತು. ಉಳಿದರ್ಧಕ್ಕೆ ತಂತಿ ಬೇಲಿ ಹಾಕಿ ಒಳಗೆ ಕಪ್ಪು ಪೈಪುಗಳ ಸುರುಳಿಗಳನ್ನು ಒಟ್ಟಿದ್ದರು. ಸುರುಳಿಗಳ ಮೇಲೆ ವೆಂಕಟೇಶಪ್ಪನ ಅಂಗಡಿಯ ಚೀಟಿಗಳಿದ್ದವು. ಶ್ಯಾಮಲಮ್ಮ ಒಬ್ಬಳೇ ನಿಂತು ನಕ್ಕಳು.

ನಕ್ಷೆಯ ಫೋಟೊ ತೆಗೆದುಕೊಂಡು ಆ ಸಂಜೆ ಅವನ ಅಂಗಡಿಗೆ ಹೋದಳು. ಈ ಸಲ ತಾನಾಗಿಯೇ ಸ್ಟೂಲು ಎಳೆದುಕೊಂಡು ಕುಳಿತಳು.

"ಅಣ್ಣ, ಮೊದ್ಲು ನನ್ನ ತಪ್ಪು ಹೇಳ್ತೀನಿ. ಆ ಅಮ್ಮ ನನ್ನ ಕನಸಿಗೆ ಬಂದಿರ್ಲಿಲ್ಲ. ಅರಿಶಿನ ಹಚ್ಚಿದ್ದು ಜೆಸಿಬಿ ತಡೆಯಕ್ಕೆ."

"ನಂಗೊತ್ತಿಲ್ವಾ?" ಎಂದ ವೆಂಕಟೇಶಪ್ಪ. "ಆವತ್ತೇ ಗೊತ್ತಿತ್ತು."

"ಮತ್ತೆ ಕೈ ಯಾಕೆ ಮುಗಿದ್ರಿ?"

"ಹಚ್ಚಿದ್ದು ನೀನಾದ್ರೂ, ಹಚ್ಚಿದ ಮ್ಯಾಲೆ ಅಮ್ಮನೇ ಅಲ್ವಾ. ಅದ್ರಾಗೆ ನಿಂದೇನೈತೆ?"

ಶ್ಯಾಮಲಮ್ಮ ರಾಮಕ್ಕನ ಕತ್ತಿನ ವಿಷಯ ಹೇಳಿದಳು. ಬಸುರಿಯಾಗಿಯೇ ಹೋದ ಹೆಂಗಸಿನ ವಿಷಯ ಹೇಳಿದಳು. ವೆಂಕಟೇಶಪ್ಪ ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದವನು ಅದನ್ನು ನಿಲ್ಲಿಸಿದ. ಅವನ ಹಿರಿಯ ಸೊಸೆಗೆ ಆಗ ಏಳು ತಿಂಗಳು.

"ಅಂದ್ರೆ ಈಗ 'ತೊಳೀತೀನಿ' ಅಂತೀಯ" ಎಂದ ಕೊನೆಗೆ. "ತೊಳೆದ್ರೆ ಊರಿಗೆ ಏನಾರ ಆದ್ರೆ?"

"ಗೌರಮ್ಮನ್ನ ಕೂರಿಸ್ತೀವಿ, ಮಡ್ಲು ತುಂಬಿ ಕಳಿಸಲ್ವಾ? ಕಲಶ ಕದಲಿಸಿ ಹೋಗಿ ಬಾ ಅಂದ್ರೆ ಅದೂ ಪೂಜೇನೇ. ಕರೆದೋಳು ನಾನು, ಕಳಿಸ್ಕೊಡೋಳೂ ನಾನೇ. ಏನಾದ್ರೂ ಆದ್ರೆ ನಂಗಾಗ್ಲಿ."

"ನನ್ನ ಗಿರಾಕಿ ಕಾರು?"

ಅವಳು ಫೋನನ್ನು ಅವನ ಮುಂದೆ ಹಿಡಿದಳು. ಅವನು ಕನ್ನಡಕ ಹಾಕಿಕೊಂಡು ನಕ್ಷೆಯ ಚೌಕವನ್ನು ಹಿಗ್ಗಿಸಿ ನೋಡಿದ. ಆ ಜಾಗ ಯಾವುದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಿಮ್ಮಪ್ಪನ ಕಾಲ್ದಾಗೆ ಬಂಡಿ ನಿಲ್ತಿದ್ದ ಜಾಗ ಅಣ್ಣ. ನಾಕಲ್ಲ, ನಲವತ್ತು ಕಾರು ನಿಲ್ತವೆ. ನಿಮ್ಮ ಪೈಪು ನೀವು ಎತ್ತಿ, ನನ್ನ ಅರಿಶಿನ ನಾನು ತೊಳೀತೀನಿ."

"ಅಲ್ಲಿಂದ ಇನ್ನೂರು ಹೆಜ್ಜೆ ಆಯ್ತದೆ. ಗಿರಾಕಿ ನಡೀತಾನಾ?"

"ರಾಮಕ್ಕ ಬುಟ್ಟಿ ಹೊತ್ಕೊಂಡು ಒಂದು ಹರದಾರಿ ನಡೀತಾಳೆ. ಮೋಟಾರ್ ತಗೊಳ್ಳೋನು ಕೈ ಬೀಸ್ಕೊಂಡು ಇನ್ನೂರು ಹೆಜ್ಜೆ ನಡೀಲಿ. ಭಾರದ್ದಿದ್ರೆ ಗಾಡಿ ಒಳಕ್ಕೆ ಬಂದು ತುಂಬ್ಕೊಂಡು ಹೋಗ್ಲಿ, ನಿಲ್ಲೋದು ಬ್ಯಾಡ."

ವೆಂಕಟೇಶಪ್ಪ ಒಪ್ಪಿದೆ ಎನ್ನಲಿಲ್ಲ. ಗ್ರಿಲ್ಲಿಗೆ ಆದ ಖರ್ಚಿನ ಬಗ್ಗೆ ಒಂದಷ್ಟು ಗೊಣಗಿದ. ಮರುದಿನ ಬೆಳಗ್ಗೆ ಮಾತ್ರ ಎರಡು ಟ್ರ್ಯಾಕ್ಟರ್ ಬಂದು ಪೈಪುಗಳನ್ನು ಎತ್ತಿಕೊಂಡು ಹೋದವು. ತಂತಿ ಬೇಲಿಯನ್ನು ಅವನೇ ನಿಂತು ಕೀಳಿಸಿದ. ಪಂಚಾಯಿತಿಯಲ್ಲಿ ಹಳೆಯ ಠರಾವಿನ ಮೇಲೆ ಹೊಸ ಠರಾವು ಬಂತು. ಜಾಲಿ ಕೀಳಲು ಬಂದದ್ದು ಅದೇ ಸುಬ್ರಮಣಿಯ ಜೆಸಿಬಿ.

ಸಂತೆಯ ದಿನ ಬೆಳಗ್ಗೆ ರಾಮಕ್ಕ ಕತ್ತಿಗೆ ಟವೆಲ್ ಸುತ್ತಿಕೊಂಡು ಆಟೊದಲ್ಲಿ ಬಂದಳು. ಅವತ್ತಿನ ಮಟ್ಟಿಗೆ ಆಟೊವನ್ನು ಆರಕ್ಕೇ ಹೊರಡಿಸಿದ್ದು ಶ್ಯಾಮಲಮ್ಮನ ಬಾಯಿ. ಕಲ್ಲಿನ ಮನೆತನದವಳೆಂದು ರಾಮಕ್ಕನ ಕೈಯಲ್ಲೇ ಮಂಗಳಾರತಿ ಮಾಡಿಸಿದರು. ಶ್ಯಾಮಲಮ್ಮ ಕಲಶವನ್ನು ಎರಡು ಕೈಯಲ್ಲಿ ಹಿಡಿದು ಕದಲಿಸಿ, "ಹೋಗಿ ಬಾ ತಾಯಿ" ಎಂದಳು. ಹಳದಿ ಬಟ್ಟೆ ಬಿಚ್ಚಿದರು. ಬೆಳ್ಳಿ ಕಣ್ಣುಗಳನ್ನು ಆಂಜನೇಯನ ಗುಡಿಗೆ ಕಳಿಸಿದರು. ಆರು ಕೊಡ ನೀರು ಹೊಯ್ದ ಮೇಲೆ ಅರಿಶಿನ ಹೋಗಿ ಕಲ್ಲು ಕಲ್ಲಾಗಿ ಕಂಡಿತು. ಗ್ರಿಲ್ಲನ್ನೂ ತಗಡಿನ ಚಪ್ಪರವನ್ನೂ ಬಿಚ್ಚಿ ಗೋಡೆಗೆ ಒರಗಿಸಿದ್ದರು.

ಜನ ಸೇರಿದ್ದರು. ಕೆಲವರ ಮುಖ ಗಂಟಾಗಿತ್ತು. ಹೂವಿನ ಹೆಂಗಸರು ಇಬ್ಬರು ತಲೆಯ ಮೇಲೆ ಹೊರೆಯಿಟ್ಟುಕೊಂಡೇ ಕಲ್ಲಿನ ಪಕ್ಕದಲ್ಲಿ ಹಾದು ಹೋದರು. ಒಬ್ಬಳು ಕೈ ಮುಗಿದೂ ಹೋದಳು. ನಿನ್ನೆಯವರೆಗೂ ಊದುಬತ್ತಿ ಹಚ್ಚಿದ ಕಲ್ಲಿನ ಮೇಲೆ ಮೊದಲು ಬುಟ್ಟಿ ಇಡುವವರು ಯಾರೆಂದು ಎಲ್ಲರೂ ಕಾಯುತ್ತಿದ್ದರು.

"ಕೊಡು ಇಲ್ಲಿ" ಎಂದು ಶ್ಯಾಮಲಮ್ಮ ರಾಮಕ್ಕನ ಬುಟ್ಟಿಯನ್ನು ಆಟೊದಿಂದ ಇಳಿಸಿಕೊಂಡು ಕೋಟೆ ಬಾಗಿಲವರೆಗೆ ಹೋದಳು. ಅಲ್ಲಿ ಸಿಂಬಿ ಸುತ್ತಿ ಬುಟ್ಟಿಯನ್ನು ತಲೆಗೇರಿಸಿಕೊಂಡಳು. ತಲೆಯ ಮೇಲೆ ಹೊರೆ ಹೊತ್ತು ಅವಳಿಗೆ ಮೂವತ್ತು ವರ್ಷವಾಗಿತ್ತು. ಐವತ್ತು ಹೆಜ್ಜೆಗೆ ಕತ್ತಿನ ನರ ಬಿಗಿಯಿತು. ನೂರಕ್ಕೆ ಬೆನ್ನಿನಲ್ಲಿ ಬೆವರು ಇಳಿಯಿತು. ಮೊಪೆಡ್ಡಿನಲ್ಲಿ ಹಾಡಿನ ಎರಡು ಸಾಲು ಗುನುಗುವಷ್ಟರಲ್ಲಿ ಮುಗಿಯುತ್ತಿದ್ದ ಬೀದಿ ಮುಗಿಯಲೇ ಒಲ್ಲದು. ಎದುರಿಗೆ ಬಂದ ಬೈಕಿನವನಿಗೆ ದಾರಿ ಬಿಡಲು ತಲೆ ತಿರುಗಿಸುವುದಕ್ಕೂ ಆಗಲಿಲ್ಲ.

ಹೊರೆಗಲ್ಲಿನ ಮುಂದೆ ಬಂದು ನಿಂತಳು. ಚಪ್ಪಡಿ ಇನ್ನೂ ಒದ್ದೆಯಾಗಿತ್ತು. ಬಗ್ಗಬೇಕು, ಜಾರಿಸಬೇಕು, ಅಷ್ಟೇ ಕೆಲಸ. ಆದರೆ ಅವಳ ಮೊಣಕಾಲು ಬಗ್ಗಲಿಲ್ಲ. ತಾನೇ ಬೋಸಿಯಲ್ಲಿ ಕಲಸಿ, ತಾನೇ ಹಚ್ಚಿದ ಅರಿಶಿನ; ಕನಸೂ ಇಲ್ಲ, ಏನೂ ಇಲ್ಲ ಎಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ತಾನು. ಆದರೂ ಹೆದರಿಕೆಯಾಯಿತು. ಏನಾದರೂ ಆದರೆ ನನಗಾಗಲಿ ಎಂದು ಅಂಗಡಿಯಲ್ಲಿ ಕುಳಿತು ಹೇಳಿದ ಮಾತು ಈಗ ಕತ್ತಿನ ಮೇಲೆ ಕುಳಿತಿತ್ತು. ಅಂಗಡಿಯ ಮೆಟ್ಟಿಲ ಮೇಲೆ ವೆಂಕಟೇಶಪ್ಪ ನಿಂತು ನೋಡುತ್ತಿದ್ದ.

ಇಳಿಸಿದ್ದು ಧೈರ್ಯದಿಂದಲ್ಲ. ಕತ್ತು ಇನ್ನು ತಡೆಯಲಿಲ್ಲ. ಮೊಣಕಾಲು ತಾನಾಗಿ ಬಗ್ಗಿತು, ಬುಟ್ಟಿ ತಾನಾಗಿ ಜಾರಿತು, ಚಪ್ಪಡಿ ಅದನ್ನು ಹಿಡಿದುಕೊಂಡಿತು. ತಲೆ ಹಗುರಾದ ಆ ಕ್ಷಣಕ್ಕೆ ಶ್ಯಾಮಲಮ್ಮನ ಕಣ್ಣು ತಾನಾಗಿ ಮುಚ್ಚಿತು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ ಅವಳಿಗೆ ತಿಳಿಯಲಿಲ್ಲ.

ಹಿಂದಿನಿಂದ ಯಾರೋ ಅವಳ ಮೊಣಕೈ ಮುಟ್ಟಿದರು. ತಿರುಗಿದರೆ, ಬೆಟ್ಟದ ಮೇಲಿನ ಹಟ್ಟಿಯ ಕಡೆಯಿಂದ ಬಂದ, ಈ ಊರಿನ ಅಮ್ಮನ ಸುದ್ದಿಯೇ ಕೇಳಿರದ ಒಬ್ಬ ಹೆಂಗಸು. ತಲೆಯ ಮೇಲೆ ಹುಣಿಸೆಹಣ್ಣಿನ ಮೂಟೆ, ಹಣೆಯ ತುಂಬ ಬೆವರು.

"ಆಯ್ತಾ ಅಕ್ಕ?" ಎಂದಳು. "ಆಗಿದ್ರೆ ಬುಟ್ಟಿ ಎತ್ಕೊ. ನಾನೂ ಇಳಿಸ್ಬೇಕು."